ಲೆಕ್ಕದ ಕೋಣೆಗೂ ಸ್ವಿಚ್ ಕೋಣೆಗೂ ನಡುವೆ ಒಂದು ಪೆಟ್ಟಿಗೆ

ಬೋರ್‌ವೆಲ್ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದವರಿಗೆ ಈ ಕಥೆ ಅರ್ಧ ಗೊತ್ತೇ ಇದೆ. ಮೊದಲೆಲ್ಲ ತ್ರೀ ಫೇಸ್ ಕರೆಂಟ್ ರಾತ್ರಿ ಎರಡಕ್ಕೆ ಬಂದರೆ ರಾತ್ರಿ ಎರಡಕ್ಕೇ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಬೇಕಿತ್ತು. ಈಗ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಒಂದು ಸಿಮ್ ಕೂತಿದೆ. ಮನೆಯಲ್ಲಿ ಮಲಗಿದ್ದೇ ಮೋಟರ್ ಆನ್ ಮಾಡಬಹುದು. ಹಾವಿನ ಭಯ ತಪ್ಪಿತು, ನಿದ್ದೆ ಉಳಿಯಿತು. ಆದರೆ ಸಿಮ್ ಹಾಕಿದ ದಿನವೇ ಇನ್ನೊಂದು ಬದಲಾವಣೆಯೂ ಆಯಿತು. ಅಲ್ಲಿಯವರೆಗೆ ಆ ಮೋಟರನ್ನು ಮುಟ್ಟಬೇಕಾದವರು ನಿಮ್ಮ ಹೊಲಕ್ಕೇ ಕಾಲಿಡಬೇಕಿತ್ತು. ಈಗ ಹಾಗೇನಿಲ್ಲ. ಲಾಕ್ ಸರಿಯಾಗಿ ಹಾಕದಿದ್ದರೆ ನಂಬರ್ ಗೊತ್ತಿರುವ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಅದನ್ನು ಚಾಲೂ ಮಾಡಬಹುದು.

ಇದೇ ಸಂಗತಿ ದೊಡ್ಡ ಪ್ರಮಾಣದಲ್ಲಿ ಕಾರ್ಖಾನೆಗಳಲ್ಲಿ, ವಿದ್ಯುತ್ ಕಂಪನಿಗಳಲ್ಲಿ, ನೀರು ಸರಬರಾಜಿನಲ್ಲಿ ನಡೆದಿದೆ. ಅಲ್ಲಿ ಎರಡು ಬಗೆಯ ಜಾಲಗಳಿರುತ್ತವೆ. ಒಂದು ಯಂತ್ರಗಳದ್ದು: ವಾಲ್ವ್ ತೆರೆಯುವುದು, ಬ್ರೇಕರ್ ಎಳೆಯುವುದು, ಪಂಪ್ ನಿಲ್ಲಿಸುವುದು. ಇನ್ನೊಂದು ಕಚೇರಿಯದ್ದು: ಬಿಲ್ಲು, ಸಂಬಳ, ಇಮೇಲ್. ಇವೆರಡೂ ಬೇರೆ ಬೇರೆ ಕಡೆ ಹುಟ್ಟಿ, ಬೇರೆ ಬೇರೆಯಾಗಿಯೇ ಬೆಳೆದವು. ಆಮೇಲೆ ನಡುವೆ ರೌಟರ್ ಎಂಬ ಸಣ್ಣ ಪೆಟ್ಟಿಗೆ ಇಟ್ಟು ಎರಡನ್ನೂ ಸೇರಿಸಿದರು. ಯಾಕೆ ಸೇರಿಸಿದರು, ಸೇರಿಸಿದ ಮೇಲೆ ಆ ದಾರಿಯಲ್ಲಿ ಏನೇನು ಬಂತು ಎಂಬುದೇ ಈ ಬರಹ.

ಯಂತ್ರದ ಕಡೆಯಿಂದ ಶುರು ಮಾಡೋಣ. 1960ರ ದಶಕದವರೆಗೆ ದೊಡ್ಡ ಕಾರ್ಖಾನೆಗಳ ಬುದ್ಧಿಯೆಲ್ಲ ರಿಲೇಗಳಲ್ಲಿತ್ತು. ಬೀರುವಿನಷ್ಟು ದೊಡ್ಡ ಪ್ಯಾನಲ್‌ಗಳ ತುಂಬ ಟಿಕ್ ಟಿಕ್ ಎನ್ನುವ ರಿಲೇಗಳು, ಅವುಗಳ ನಡುವೆ ರಾಶಿ ರಾಶಿ ವೈರು. ಅಮೆರಿಕದ ಕಾರು ಕಾರ್ಖಾನೆಗಳಲ್ಲಿ ಹೊಸ ಮಾಡೆಲ್ ಬಂದಾಗಲೆಲ್ಲ ಎಲೆಕ್ಟ್ರಿಷಿಯನ್‌ಗಳು ಆ ವೈರುಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಜನರಲ್ ಮೋಟರ್ಸ್‌ನವರಿಗೆ ಇದು ಸಾಕಾಗಿ ಹೋಗಿ, 1968ರಲ್ಲಿ ಬೇರೆ ದಾರಿ ಹುಡುಕಲು ಹೊರಟರು. ಅದೇ ವರ್ಷ ಡಿಕ್ ಮಾರ್ಲಿ ಎಂಬ ಎಂಜಿನಿಯರ್ ಮತ್ತು ಅವರ ಬೆಡ್‌ಫರ್ಡ್ ಅಸೋಸಿಯೇಟ್ಸ್ ಎಂಬ ಸಣ್ಣ ಕಂಪನಿ ಒಂದು ಗಟ್ಟಿಮುಟ್ಟಾದ ಪೆಟ್ಟಿಗೆ ಮಾಡಲು ಕೂತರು. ವೈರು ಬಿಚ್ಚುವುದು ಬೇಡ, ಪ್ರೋಗ್ರಾಂ ಬದಲಿಸಿದರೆ ಸಾಕು. ಅದು ಆ ಕಂಪನಿಯ 84ನೇ ಕೆಲಸವಾದ್ದರಿಂದ ಮಾಡಿಕಾನ್ 084 ಎಂದು ಹೆಸರಾಯಿತು. ಈಗ ಪಿಎಲ್‌ಸಿ ಎಂದು ಕರೆಯುವುದು ಅದರ ವಂಶವನ್ನೇ. ಸಕ್ಕರೆ ಕಾರ್ಖಾನೆಯಲ್ಲೋ ಹಾಲಿನ ಡೈರಿಯಲ್ಲೋ ಕೆಲಸ ಮಾಡುವವರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ, ಈ ಹೆಸರು ಅವರಿಗೆ ಗೊತ್ತಿರುತ್ತದೆ.

1979ರಲ್ಲಿ ಅದೇ ಮಾಡಿಕಾನ್ ಕಂಪನಿ ಪಿಎಲ್‌ಸಿಗಳು ಒಂದರೊಡನೊಂದು ಮಾತಾಡಲು ಒಂದು ಭಾಷೆ ಮಾಡಿತು. ಅದರ ಹೆಸರು ಮಾಡ್‌ಬಸ್. ಬಹಳ ಸರಳ. ‘ಮೂರನೇ ನಂಬರಿನ ಯಂತ್ರವೇ, ನಿನ್ನ ಮೀಟರ್ ಎಷ್ಟು ತೋರಿಸುತ್ತಿದೆ?’ ಎಂದು ಕೇಳಬಹುದು. ‘ಆ ವಾಲ್ವ್ ಮುಚ್ಚು’ ಎಂದು ಹೇಳಬಹುದು. ಯಂತ್ರ ಹೇಳಿದಷ್ಟು ಮಾಡುತ್ತದೆ. ಹೇಳಿದ್ದು ಯಾರು ಎಂದು ಅದು ಕೇಳುವುದಿಲ್ಲ. ಪಾಸ್‌ವರ್ಡ್ ಎಂಬ ಮಾತೇ ಆ ಭಾಷೆಯಲ್ಲಿರಲಿಲ್ಲ.

ಇದನ್ನು ಕೇಳಿದರೆ ಈಗ ನಗು ಬರಬಹುದು. ಆದರೆ ನನಗೆ ಅದು ದಡ್ಡತನ ಅನ್ನಿಸುವುದಿಲ್ಲ. ಆ ವೈರು ಕಾರ್ಖಾನೆಯ ಗೋಡೆಯೊಳಗೆ ಹುಟ್ಟಿ ಗೋಡೆಯೊಳಗೇ ಮುಗಿಯುತ್ತಿತ್ತು. ಗೇಟಿನಲ್ಲಿ ವಾಚ್‌ಮನ್ ಇದ್ದ. ನಾಲ್ಕೂ ಕಡೆ ಗೋಡೆಯಿರುವ ಹಿತ್ತಲಿನ ಬಾಗಿಲಿಗೆ ಯಾರು ಬೀಗ ಹಾಕುತ್ತಾರೆ?

ಕಚೇರಿ ಕಡೆಯ ಕಥೆ ಬೇರೆ. ಒಂದೇ ಕಟ್ಟಡದ ಕಂಪ್ಯೂಟರುಗಳನ್ನು ಜೋಡಿಸುವ ಈಥರ್‌ನೆಟ್ 1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿತು. ಒಂದೊಂದು ವಿಭಾಗಕ್ಕೆ ಒಂದೊಂದು ಜಾಲ ಆಯಿತು. ಆಗ ಒಂದು ಜಾಲದಿಂದ ಇನ್ನೊಂದಕ್ಕೆ ಕಾಗದ ತಲುಪಿಸುವವರು ಬೇಕಾದರು. ಆ ಕೆಲಸದ ಪೆಟ್ಟಿಗೆಯೇ ರೌಟರ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಗಂಡ ಹೆಂಡತಿ ಲಿಯೊನಾರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ 1984ರಲ್ಲಿ ಸಿಸ್ಕೊ ಕಂಪನಿ ಶುರು ಮಾಡಿ ಈ ಪೆಟ್ಟಿಗೆಯನ್ನು ಮಾರುವ ಸರಕು ಮಾಡಿದರು.

ರೌಟರಿನ ಕೆಲಸ ನಮ್ಮ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಂಥದ್ದು. ಬಂದ ಲಕೋಟೆಯ ಮೇಲಿನ ವಿಳಾಸ ನೋಡುತ್ತದೆ. ಇದು ಈ ಹೋಬಳಿಯದ್ದು, ಇದು ಆ ತಾಲ್ಲೂಕಿನದ್ದು ಎಂದು ತಿಳಿದು ಸರಿಯಾದ ಚೀಲಕ್ಕೆ ಹಾಕುತ್ತದೆ. ಲಕೋಟೆಯೊಳಗೆ ಮದುವೆ ಆಮಂತ್ರಣವಿದೆಯೋ ಬೆದರಿಕೆ ಪತ್ರವಿದೆಯೋ ಅದಕ್ಕೆ ಬೇಕಿಲ್ಲ. ‘ಈ ವಿಳಾಸದಿಂದ ಬಂದದ್ದನ್ನು ಬಿಡಬೇಡ’ ಎಂದು ನಿಯಮ ಬರೆದುಕೊಟ್ಟರೆ ಪಾಲಿಸುತ್ತದೆ. ಬರೆಯದಿದ್ದರೆ ಎಲ್ಲವನ್ನೂ ತಲುಪಿಸುತ್ತದೆ. ತಲುಪಿಸುವುದೇ ಅದರ ಹುಟ್ಟುಗುಣ. ತಡೆಯುವುದಕ್ಕೆಂದೇ ಆಮೇಲೆ ಫೈರ್‌ವಾಲ್ ಬಂತು, ಚೆಕ್‌ಪೋಸ್ಟಿನ ಹಾಗೆ.

ಇನ್ನು ಸೇರಿಸಿದ್ದು ಯಾಕೆ? ಒಂದು ರಿಪೋರ್ಟಿಗಾಗಿ. ಶಿಫ್ಟ್ ಮುಗಿಯುವಾಗ ಕೆಲಸಗಾರ ಮೀಟರ್ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ. ಮರುದಿನ ಗುಮಾಸ್ತ ಅದನ್ನು ಕಂಪ್ಯೂಟರಿಗೆ ಹತ್ತಿಸುತ್ತಿದ್ದ. ಮ್ಯಾನೇಜರಿಗೆ ನಿನ್ನೆಯ ಲೆಕ್ಕ ನಾಳೆ ಸಿಗುತ್ತಿತ್ತು. ಕಂಪ್ಯೂಟರ್ ಎಲ್ಲ ಮೇಜಿನ ಮೇಲೂ ಬಂದಾಗ ಮ್ಯಾನೇಜರ್ ಕೇಳಿದ್ದು ಸಹಜವೇ: ಯಂತ್ರಕ್ಕೇ ಲೆಕ್ಕ ಗೊತ್ತಿರುವಾಗ ಅದು ನೇರವಾಗಿ ನನ್ನ ಮೇಜಿಗೆ ಯಾಕೆ ಬರಬಾರದು? ಒಂದು ಕೇಬಲ್ ಎಳೆದು ರೌಟರ್ ಇಟ್ಟರೆ ಆಗಿಹೋಗುತ್ತದೆ. ಯಂತ್ರ ಮಾರಿದ ಕಂಪನಿಯವರೂ ಅದನ್ನೇ ಹೇಳಿದರು. ಕೆಟ್ಟಾಗ ನಾವು ಬಸ್ಸು ಹಿಡಿದು ಬರುವುದು ಬೇಡ, ಅಲ್ಲಿಂದಲೇ ನೋಡುತ್ತೇವೆ ಎಂದರು. 1999ರಲ್ಲಿ ಮಾಡ್‌ಬಸ್ ಕೂಡ ಇಂಟರ್ನೆಟ್ ಬಳಸುವ ರೀತಿಯಲ್ಲೇ ಓಡಾಡುವ ಹಾಗೆ ಬದಲಾಯಿತು. ದಾರಿ ಹೊಸದಾದರೂ ಭಾಷೆ ಹಳೆಯದೇ ಉಳಿಯಿತು, ಪಾಸ್‌ವರ್ಡ್ ಇಲ್ಲದ ಅದೇ ಭಾಷೆ. ಈ ಜೋಡಣೆಯಿಂದ ಲಾಭವೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲಿ ವಿದ್ಯುತ್ ಸೋರುತ್ತಿದೆ, ಯಾವ ಪಂಪ್ ಕೆಡುವ ಹಾದಿಯಲ್ಲಿದೆ ಎಂಬುದೆಲ್ಲ ಕೂತಲ್ಲೇ ಕಂಡಿತು. ಆದರೆ ಲಾಭ ಮೇಜಿನ ಹತ್ತಿರ ಕೂತವರಿಗೆ ಮೊದಲು ಸಿಕ್ಕಿತು, ಅಪಾಯ ಯಂತ್ರದ ಹತ್ತಿರ ನಿಂತವರ ಪಾಲಿಗೆ ಬಂತು. ನನ್ನ ತಕರಾರು ಇರುವುದು ಅಷ್ಟಕ್ಕೆ.

ಅಪಾಯ ಹೇಗಿರುತ್ತದೆಂದು ಮೊದಲು ಸ್ಪಷ್ಟವಾಗಿ ತೋರಿಸಿದ ಘಟನೆಗಳಲ್ಲಿ ಒಂದು ಅಮೆರಿಕದ ಒಹಾಯೊ ರಾಜ್ಯದ್ದು. ಅಲ್ಲಿ ಡೇವಿಸ್-ಬೆಸ್ ಎಂಬ ಅಣು ವಿದ್ಯುತ್ ಸ್ಥಾವರವಿದೆ. 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಕಂಪ್ಯೂಟರ್ ಹುಳು ಇಂಟರ್ನೆಟ್ಟಿನಲ್ಲಿ ಹರಡಿತು. ಯಾರೂ ಈ ಸ್ಥಾವರದ ಮೇಲೆ ಗುರಿಯಿಟ್ಟಿರಲಿಲ್ಲ. ಸ್ಥಾವರದ ಕಂಪನಿಗೆ ಫೈರ್‌ವಾಲ್ ಇತ್ತು, ಅದು ತನ್ನ ಕೆಲಸವನ್ನೂ ಮಾಡಿತು. ಆದರೆ ಒಬ್ಬ ಗುತ್ತಿಗೆದಾರ ಸಂಸ್ಥೆಯವರ ಜಾಲದಿಂದ ಕಂಪನಿಯ ಕಚೇರಿ ಜಾಲಕ್ಕೆ ಒಂದು ಪ್ರತ್ಯೇಕ ಲೈನ್ ಇತ್ತು. ಅದು ಫೈರ್‌ವಾಲನ್ನು ಬಳಸಿಕೊಂಡು ಪಕ್ಕದಿಂದ ಒಳಗೆ ಹೋಗುತ್ತಿತ್ತು. ಹುಳು ಆ ಲೈನಿನಲ್ಲಿ ಬಂತು. ಕಚೇರಿ ಜಾಲದಿಂದ ಸ್ಥಾವರದ ಜಾಲಕ್ಕೆ ಇಳಿಯಿತು. ಸುರಕ್ಷತೆಯ ಅಂಕಿಗಳನ್ನು ತೋರಿಸುವ ಪರದೆ ಸುಮಾರು ಐದು ಗಂಟೆ ಕಾಲ ಸತ್ತುಹೋಯಿತು. ಅದೃಷ್ಟಕ್ಕೆ ಬೇರೊಂದು ದುರಸ್ತಿಗಾಗಿ ರಿಯಾಕ್ಟರನ್ನು 2002ರಿಂದಲೇ ನಿಲ್ಲಿಸಲಾಗಿತ್ತು. ಮುಳ್ಳು ಓಡುವ ಹಳೇ ಕಾಲದ ಮೀಟರುಗಳೂ ಇದ್ದವು, ಹುಳು ಅವನ್ನು ಮುಟ್ಟಲು ಸಾಧ್ಯವಿರಲಿಲ್ಲ. ಆ ಹುಳು ನುಗ್ಗುವ ತೂತನ್ನು ಮುಚ್ಚುವ ತೇಪೆ ಆರು ತಿಂಗಳು ಮೊದಲೇ ಬಂದಿತ್ತು. ಹಾಕಿರಲಿಲ್ಲ ಅಷ್ಟೇ.

ಅದು ಗುರಿಯಿಲ್ಲದೆ ಬಂದ ಹುಳು. ಬೇಕೆಂದೇ ಬಂದವರ ಕಥೆ ಉಕ್ರೇನಿನದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಉಕ್ರೇನಿನ ಪಶ್ಚಿಮದಲ್ಲಿ ಇವಾನೊ-ಫ್ರಾಂಕಿವ್ಸ್ಕ್ ಎಂಬ ಊರಿದೆ. ನಮಗೆ ಬೆಸ್ಕಾಂ, ಜೆಸ್ಕಾಂ ಇದ್ದ ಹಾಗೆ ಅಲ್ಲಿ ಪ್ರಾಂತ್ಯಕ್ಕೊಂದು ವಿದ್ಯುತ್ ಕಂಪನಿ. 2015ರ ಡಿಸೆಂಬರ್ 23, ಮಧ್ಯಾಹ್ನ ಸುಮಾರು ಮೂರೂವರೆ. ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ಆಪರೇಟರ್ ಕಣ್ಣೆದುರಿಗೇ ಪರದೆಯ ಮೇಲಿನ ಮೌಸ್ ಬಾಣ ತಾನಾಗಿ ಓಡಲು ಶುರುವಾಯಿತು. ಅದು ಒಂದು ಸಬ್‌ಸ್ಟೇಷನ್ನಿನ ಬ್ರೇಕರ್ ಚಿತ್ರದ ಮೇಲೆ ಹೋಗಿ ನಿಂತಿತು. ‘ಖಚಿತವೇ?’ ಎಂಬ ಪೆಟ್ಟಿಗೆ ತೆರೆದುಕೊಂಡಿತು. ಬಾಣವೇ ಹೌದು ಎಂದು ಒತ್ತಿತು. ಬ್ರೇಕರ್ ತೆರೆಯಿತು, ಒಂದು ಭಾಗದಲ್ಲಿ ಕರೆಂಟ್ ಹೋಯಿತು. ಆಪರೇಟರ್ ಮೌಸ್ ಹಿಡಿದು ಎಳೆದರೂ ಅದು ಕೇಳಲಿಲ್ಲ. ಒಬ್ಬರು ಅದನ್ನು ಫೋನಿನಲ್ಲಿ ವಿಡಿಯೊ ಕೂಡ ಮಾಡಿಕೊಂಡರು. ಬಾಣ ಮುಂದಿನ ಬ್ರೇಕರಿಗೆ ಹೋಯಿತು.

ಆ ಮಧ್ಯಾಹ್ನ ಮೂರು ವಿದ್ಯುತ್ ಕಂಪನಿಗಳ ಮೇಲೆ ಹೀಗೆ ದಾಳಿ ನಡೆಯಿತು. ಕನಿಷ್ಠ 30 ಸಬ್‌ಸ್ಟೇಷನ್‌ಗಳು ಆರಿದವು. ಸುಮಾರು 2,25,000 ಗ್ರಾಹಕರಿಗೆ ಚಳಿಗಾಲದ ನಡುವೆ ಕರೆಂಟ್ ಹೋಯಿತು. ಜನ ಫೋನ್ ಮಾಡಿ ವಿಚಾರಿಸೋಣ ಎಂದರೆ ದೂರು ಕೇಂದ್ರದ ಲೈನುಗಳಿಗೆ ದಾಳಿಕೋರರೇ ಸುಳ್ಳು ಕರೆಗಳನ್ನು ತುಂಬಿಸಿದ್ದರು. ಕಂಟ್ರೋಲ್ ರೂಮಿನ ಯುಪಿಎಸ್ ಕೂಡ ಕೈಕೊಡುವ ಹಾಗೆ ಮಾಡಿದ್ದರು. ಊರಿಗೆ ಬೆಳಕು ಕೊಡುವವರೇ ಕತ್ತಲಲ್ಲಿ ಕೂತರು.

ಇವರು ಒಳಗೆ ಬಂದದ್ದು ಎಲ್ಲಿಂದ? ಕಚೇರಿಯಿಂದ. ಅದೂ ತಿಂಗಳುಗಟ್ಟಲೆ ಮೊದಲು, ಆ ವರ್ಷದ ಆರಂಭದ ತಿಂಗಳುಗಳಲ್ಲಿ. ಸಿಬ್ಬಂದಿಗೆ ಇಮೇಲ್ ಬಂತು, ಜೊತೆಗೊಂದು ಫೈಲ್. ತೆರೆದರೆ ‘ಇದನ್ನು ಓದಲು ಮ್ಯಾಕ್ರೊ ಆನ್ ಮಾಡಿ’ ಎಂದು ಕೇಳುತ್ತಿತ್ತು. ಯಾರೋ ಆನ್ ಮಾಡಿದರು. ನಮ್ಮ ಫೋನಿಗೆ ಬರುವ ‘ಕೆವೈಸಿ ಅಪ್‌ಡೇಟ್ ಮಾಡಿ’ ಲಿಂಕಿನ ತಂತ್ರವೇ ಇದು, ಅದಕ್ಕಿಂತ ಹೆಚ್ಚಿನದೇನಲ್ಲ. ಬ್ಲ್ಯಾಕ್‌ಎನರ್ಜಿ ಎಂಬ ಕಳ್ಳ ತಂತ್ರಾಂಶ ಒಳಗೆ ಕೂತಿತು.

ಆಮೇಲಿನದ್ದು ತಾಳ್ಮೆಯ ಕೆಲಸ. ಕಚೇರಿ ಜಾಲಕ್ಕೂ ಬ್ರೇಕರುಗಳನ್ನು ನಡೆಸುವ ಸ್ಕಾಡಾ ಜಾಲಕ್ಕೂ ನಡುವೆ ಫೈರ್‌ವಾಲ್ ಇತ್ತು. ದಾಳಿಕೋರರು ಅದನ್ನು ಒಡೆಯಲು ಹೋಗಲಿಲ್ಲ. ಎಂಜಿನಿಯರುಗಳು ಕಚೇರಿಯಿಂದಲೋ ಮನೆಯಿಂದಲೋ ಸ್ಕಾಡಾ ನೋಡಲು ವಿಪಿಎನ್ ಎಂಬ ದಾರಿ ಇತ್ತು. ಅದಕ್ಕೆ ಹೆಸರು ಮತ್ತು ಪಾಸ್‌ವರ್ಡ್ ಇದ್ದರೆ ಸಾಕು. ಬ್ಯಾಂಕಿನವರು ಕಳಿಸುವ ಒಟಿಪಿಯಂಥ ಎರಡನೇ ಬೀಗ ಇರಲಿಲ್ಲ. ಕಚೇರಿ ಜಾಲದಲ್ಲಿ ಕೂತು ಪಾಸ್‌ವರ್ಡುಗಳನ್ನು ಕದ್ದರು, ಯಜಮಾನರ ಬೀಗದಕೈ ಹಿಡಿದೇ ಮುಂಬಾಗಿಲಿನಿಂದ ಒಳಗೆ ಹೋದರು. ರೌಟರ್, ಫೈರ್‌ವಾಲ್ ಎರಡೂ ತಮಗೆ ಬರೆದುಕೊಟ್ಟ ನಿಯಮದಂತೆಯೇ ನಡೆದುಕೊಂಡವು. ಹೆಸರು ಸರಿಯಾಗಿತ್ತು, ಪಾಸ್‌ವರ್ಡ್ ಸರಿಯಾಗಿತ್ತು, ಬಿಟ್ಟವು.

ಹೋಗುವಾಗ ಇನ್ನೊಂದು ಕೆಲಸ ಮಾಡಿಹೋದರು. ಸಬ್‌ಸ್ಟೇಷನ್ನಿನ ಹಳೆಯ ಯಂತ್ರಗಳ ಮಾತನ್ನು ಹೊಸ ಜಾಲದ ಮಾತಿಗೆ ತಿರುಗಿಸಿ ಕೊಡುವ ಸಣ್ಣ ಕನ್ವರ್ಟರ್ ಪೆಟ್ಟಿಗೆಗಳಿದ್ದವು. ಅವುಗಳೊಳಗಿನ ಪ್ರೋಗ್ರಾಂ ಅಳಿಸಿ ಕಸ ತುಂಬಿದರು. ಇನ್ನು ಕಂಟ್ರೋಲ್ ರೂಮಿನಿಂದ ಎಷ್ಟು ಹೇಳಿದರೂ ಬ್ರೇಕರಿಗೆ ಕೇಳಿಸುವುದಿಲ್ಲ. ಕಚೇರಿಯ ಎಷ್ಟೋ ಕಂಪ್ಯೂಟರುಗಳನ್ನೂ ಅಳಿಸಿಹಾಕಿದರು.

ಹಾಗಿದ್ದರೂ ಒಂದರಿಂದ ಆರು ಗಂಟೆಯೊಳಗೆ ಎಲ್ಲ ಕಡೆ ಕರೆಂಟ್ ಮರಳಿತು. ಹೇಗೆಂದರೆ, ಕಂಪನಿಯ ಕೆಲಸಗಾರರು ಗಾಡಿ ಹತ್ತಿ ಒಂದೊಂದೇ ಸಬ್‌ಸ್ಟೇಷನ್ನಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದರು. ಅವರ ಸಲಕರಣೆ ಹಳೆಯದು. ಕೈಯಿಂದ ನಡೆಸುವ ವ್ಯವಸ್ಥೆಯನ್ನು ಯಾರೂ ತೆಗೆದಿರಲಿಲ್ಲ, ನಡೆಸಲು ಬಲ್ಲವರೂ ಕೆಲಸದಲ್ಲಿದ್ದರು. ಕೈಕೆಲಸ ಆ ಸಂಜೆಗೇ ಮುಗಿಯಲಿಲ್ಲ. ಎರಡು ತಿಂಗಳು ಕಳೆದರೂ ಕಂಟ್ರೋಲ್ ರೂಮುಗಳು ಪೂರ್ತಿ ಮೊದಲಿನ ಹಾಗೆ ಆಗಿರಲಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಫೀಡರ್ ಹೋದಾಗ ಲೈನ್‌ಮನ್‌ಗೆ ಬೈಯುವ ನಾವು ಈ ಭಾಗವನ್ನು ಎರಡು ಸಲ ಓದಬೇಕು.

ಮರುವರ್ಷ, 2016ರ ಡಿಸೆಂಬರ್ 17ರ ರಾತ್ರಿ, ರಾಜಧಾನಿ ಕೀವ್ ಹತ್ತಿರದ ಒಂದು ಸಬ್‌ಸ್ಟೇಷನ್ ಮೇಲೆ ಮತ್ತೆ ದಾಳಿಯಾಯಿತು. ಈ ಸಲ ಮೌಸ್ ಓಡಿಸುವ ಮನುಷ್ಯರೂ ಬೇಕಿರಲಿಲ್ಲ, ತಂತ್ರಾಂಶವೇ ಬ್ರೇಕರುಗಳ ಭಾಷೆ ಕಲಿತು ಬಂದಿತ್ತು. ನಗರದ ಒಂದು ಭಾಗ ಸುಮಾರು ಒಂದು ಗಂಟೆ ಕತ್ತಲಲ್ಲಿತ್ತು. 2020ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ಈ ದಾಳಿಗಳ ಸಂಬಂಧ ರಷ್ಯಾದ ಸೇನಾ ಗುಪ್ತಚರ ಸಂಸ್ಥೆಯ ಆರು ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು. ರಷ್ಯಾ ಇಂಥ ಆರೋಪಗಳನ್ನು ಒಪ್ಪುವುದಿಲ್ಲ.

ಹಾಗಾದರೆ ಎರಡು ಜಾಲಗಳನ್ನು ಸೇರಿಸಲೇಬಾರದೇ? ಬಲ್ಲವರು ಹೇಳುವುದು ಅಷ್ಟು ಕಟ್ಟುನಿಟ್ಟಾಗಿಲ್ಲ. ನಮ್ಮ ಹಳೇ ಮನೆಗಳಲ್ಲಿ ಜಗಲಿ ಇರುತ್ತಿತ್ತಲ್ಲ, ಅದೇ ಲೆಕ್ಕ. ಬಂದವರು ಜಗಲಿಯಲ್ಲಿ ಕೂರುತ್ತಾರೆ, ಅಲ್ಲಿಯೇ ಮಾತು, ಅಲ್ಲಿಯೇ ಕಾಫಿ. ಅಡುಗೆಮನೆಗೆ ಯಾರನ್ನೂ ಬಿಡುವುದಿಲ್ಲ. ಯಂತ್ರದ ಜಾಲ ತನ್ನ ಅಂಕಿಗಳನ್ನು ತಂದು ನಡುವಿನ ಒಂದು ಕಂಪ್ಯೂಟರಿನಲ್ಲಿ ಇಡಬೇಕು. ಕಚೇರಿಯವರು ಅಲ್ಲಿಂದ ತೆಗೆದುಕೊಳ್ಳಬೇಕು. ಕಚೇರಿಯಿಂದ ಯಂತ್ರಕ್ಕೆ ನೇರ ದಾರಿ ಇರಬಾರದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಪ್ರೊಫೆಸರ್ ಥಿಯೊಡೋರ್ ವಿಲಿಯಮ್ಸ್ ಮತ್ತು ಜೊತೆಗಾರರು 1990ರ ದಶಕದ ಆರಂಭದಲ್ಲಿ ಕಾರ್ಖಾನೆಯ ಮಾಹಿತಿಯನ್ನು ಮಹಡಿ ಮಹಡಿಯಾಗಿ ವಿಂಗಡಿಸಿ ಒಂದು ನಕ್ಷೆ ಮಾಡಿದ್ದರು. ಕೆಳಗೆ ಪಂಪು ಮೋಟರು, ಅದರ ಮೇಲೆ ಪಿಎಲ್‌ಸಿ, ಅದರ ಮೇಲೆ ಕಂಟ್ರೋಲ್ ರೂಮು, ತುತ್ತತುದಿಗೆ ಕಚೇರಿ. ಈಗ ಭದ್ರತೆಯ ಜನ ಜಗಲಿ ಎಲ್ಲಿ ಕಟ್ಟಬೇಕೆಂದು ನೋಡುವುದು ಆ ನಕ್ಷೆಯಲ್ಲೇ. ಇನ್ನೂ ಹೆಚ್ಚು ಜಾಗ್ರತೆ ಬೇಕಾದ ಕಡೆ ಡೇಟಾ ಡಯೋಡ್ ಎಂಬ ಸಾಧನ ಹಾಕುತ್ತಾರೆ. ಅದರ ಒಂದು ತುದಿ ಬೆಳಕು ಬಿಡುತ್ತದೆ, ಇನ್ನೊಂದು ತುದಿ ಅದನ್ನು ನೋಡುತ್ತದೆ, ಅಷ್ಟೇ. ತಿರುಗಿ ಕಳಿಸಲು ಆ ತುದಿಯಲ್ಲಿ ದೀಪವೇ ಇರುವುದಿಲ್ಲ. ಬೋರ್‌ವೆಲ್ ಪೈಪಿಗೆ ಹಾಕುವ ನಾನ್ ರಿಟರ್ನ್ ವಾಲ್ವ್ ನೆನಪಿಸಿಕೊಳ್ಳಿ. ಇವೆಲ್ಲ ಖರ್ಚಿನ ಬಾಬ್ತು, ರಿಪೋರ್ಟಿಗೆ ತೋರಿಸಿದ ಆತುರ ಇದಕ್ಕೆ ಎಲ್ಲ ಕಡೆಯೂ ಕಾಣಲಿಲ್ಲ.

ಯಂತ್ರದ ಜಾಲ ಕ್ಷೇಮವಾಗಿದ್ದರೂ ಕಚೇರಿ ಬಿದ್ದರೆ ಕೆಲಸ ನಿಲ್ಲುತ್ತದೆ ಎಂಬುದು 2021ರ ಮೇ ತಿಂಗಳಲ್ಲಿ ತಿಳಿಯಿತು. ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಟೆಕ್ಸಸ್ ಕಡೆಯಿಂದ ಪೂರ್ವ ಕರಾವಳಿಗೆ ಪೆಟ್ರೋಲು ಡೀಸೆಲ್ ಸಾಗಿಸುತ್ತದೆ, ಉದ್ದ 5,500 ಮೈಲಿ. ಮೇ 7ರಂದು ಸುಲಿಗೆಕೋರರು ಅದರ ಕಚೇರಿ ಜಾಲಕ್ಕೆ ಬೀಗ ಜಡಿದರು. ಪಂಪುಗಳನ್ನು ಅವರು ಮುಟ್ಟಿರಲಿಲ್ಲ. ಆದರೂ ಅವರು ಎಲ್ಲಿಯವರೆಗೆ ಬಂದಿದ್ದಾರೋ ಎಂಬ ಭಯದಲ್ಲಿ ಕಂಪನಿಯೇ ಪೈಪ್‌ಲೈನ್ ನಿಲ್ಲಿಸಿತು. ಬಂಕುಗಳ ಮುಂದೆ ಸಾಲು ಬೆಳೆದವು, 75 ಬಿಟ್‌ಕಾಯಿನ್, ಅಂದರೆ ಆಗಿನ ಲೆಕ್ಕಕ್ಕೆ ಸುಮಾರು 44 ಲಕ್ಷ ಡಾಲರ್ ಸುಲಿಗೆ ಕೊಟ್ಟರು. ಸೇರಿಸಿದ ಜಾಗ ಎಷ್ಟು ಗಟ್ಟಿ ಎಂದು ಯಜಮಾನರಿಗೇ ನಂಬಿಕೆ ಇರಲಿಲ್ಲ ಎಂದೇ ಇದರ ಅರ್ಥ. ಕಳ್ಳರು ಬಂದದ್ದು ಬಳಕೆ ತಪ್ಪಿದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಅದಕ್ಕೂ ಒಟಿಪಿ ಇರಲಿಲ್ಲ.

ನಮ್ಮ ದೇಶಕ್ಕೆ ಬರೋಣ. 2019ರ ಅಕ್ಟೋಬರ್ ಕೊನೆಯಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದಲ್ಲಿ ಕಳ್ಳ ತಂತ್ರಾಂಶ ಸಿಕ್ಕಿದೆ ಎಂಬ ಸುದ್ದಿ ಹಬ್ಬಿತು. 29ರಂದು ಸ್ಥಾವರದ ಕಡೆಯಿಂದ ಅದು ಸುಳ್ಳು ಎಂಬ ಹೇಳಿಕೆ ಬಂತು. ಮರುದಿನವೇ ಭಾರತೀಯ ಅಣುಶಕ್ತಿ ನಿಗಮ ಹೌದು ಎಂದು ಒಪ್ಪಿಕೊಂಡಿತು. ಆಡಳಿತ ಕೆಲಸಕ್ಕೆ ಬಳಸುವ, ಇಂಟರ್ನೆಟ್ ಇದ್ದ ಜಾಲದ ಒಂದು ಕಂಪ್ಯೂಟರಿನಲ್ಲಿ ಸಿಕ್ಕಿದೆ, ಮುಖ್ಯ ಜಾಲ ಅದರಿಂದ ಪ್ರತ್ಯೇಕವಾಗಿದೆ, ಸ್ಥಾವರದ ನಿಯಂತ್ರಣಕ್ಕೆ ತೊಂದರೆಯಾಗಿಲ್ಲ ಎಂದಿತು. ಸೆಪ್ಟೆಂಬರ್ 4ರಂದೇ ಈ ವಿಷಯ ನಿಗಮದ ಗಮನಕ್ಕೆ ಬಂದಿತ್ತು. ಎರಡು ಜಾಲ ಬೇರೆಯಾಗಿ ಇಟ್ಟದ್ದರಿಂದ ಆದ ಉಪಕಾರ ಇಲ್ಲಿ ಕಾಣುತ್ತದೆ. ಆದರೆ ಎರಡು ತಿಂಗಳ ಮೌನ, ಆಮೇಲೆ ಒಂದು ದಿನದ ಸುಳ್ಳು, ಇವು ಜನರ ನಂಬಿಕೆಗೆ ಮಾಡಿದ ಹಾನಿಯೂ ಸಣ್ಣದಲ್ಲ.

ಕರ್ನಾಟಕದ ಹಳ್ಳಿಗಳಿಗೂ ಈ ಜಾಲ ಬಂದಾಗಿದೆ. ಕೃಷ್ಣಾ ಭಾಗ್ಯ ಜಲ ನಿಗಮವು ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳಿಗೆ ಸ್ಕಾಡಾ ಅಳವಡಿಸಿದೆ. ಗೇಟು ಎಷ್ಟು ತೆರೆದಿದೆ, ಎಷ್ಟು ನೀರು ಹೋಗುತ್ತಿದೆ ಎಂದು ದೂರದಿಂದ ನೋಡಬಹುದು, ಏರಿಸಿ ಇಳಿಸಬಹುದು. ಕಾಲುವೆಯ ಕೊನೆಯಲ್ಲಿ ಹೊಲ ಇರುವವರಿಗೆ ಮೇಲಿನವರು ಗೇಟು ಮುರಿದು ನೀರು ತಿರುಗಿಸಿಕೊಂಡ ಹಳೆಯ ಜಗಳಗಳು ಗೊತ್ತು. ಅವರಿಗೆ ಇದು ಬೇಕಾದ ವ್ಯವಸ್ಥೆಯೇ. ಗೇಟಿನ ಜಾಲ ನಿಗಮದ ಕಚೇರಿ ಜಾಲವನ್ನು ಎಲ್ಲಿ ಸೇರುತ್ತದೆ, ನಡುವೆ ಜಗಲಿ ಇದೆಯೋ ಬರೀ ರೌಟರ್ ಇದೆಯೋ, ಗುತ್ತಿಗೆದಾರರಿಗೆ ಬೇರೆ ಲೈನ್ ಕೊಟ್ಟಿದ್ದಾರೋ, ಪರದೆ ಸತ್ತ ದಿನ ಯಾರ ಕೈಯಿಂದ ಗೇಟು ಏಳುತ್ತದೆ, ಆ ಕೆಲಸ ಬಲ್ಲವರು ಈಗ ಎಷ್ಟು ಜನ ಇದ್ದಾರೆ. ನೀರು ಬಳಕೆದಾರರ ಸಹಕಾರ ಸಂಘದ ಮುಂದಿನ ಸಭೆಗೆ ಎಂಜಿನಿಯರ್ ಸಾಹೇಬರು ಬಂದಾಗ ಇವನ್ನು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.